ಕೂರ್ಮಗಡಕ್ಕೆ ಎಂಟು ಹಾಡು: ರೇಡಿಯೋದಲ್ಲಿ ಕೇಳಿ ಮರೆಯದ ಮಾತುಕತೆಗಳು

ಕೋಡಿಬಾಗದವ (ಕಾರವಾರ)

ಬಿಬಿಸಿ ರೇಡಿಯೋದಲ್ಲಿ ‘ಡೆಸರ್ಟ್ ಐಲ್ಯಾಂಡ್ ಡಿಸ್ಕ್ಸ್’ ಅಂತ ಒಂದು ಸಂದರ್ಶನ ಕಾರ್ಯಕ್ರಮ ಬರುತ್ತದೆ. ಶುರುವಾಗಿದ್ದು 1942ರ ಜನವರಿ 29ಕ್ಕೆ, ಎರಡನೇ ಮಹಾಯುದ್ಧದ ನಡುವೆ. ಇವತ್ತಿಗೂ ನಡೆಯುತ್ತಿದೆ. ಯಾರೂ ಇಲ್ಲದ ದ್ವೀಪದಲ್ಲಿ ನಿಮ್ಮೊಬ್ಬರನ್ನೇ ಬಿಟ್ಟರೆ ಯಾವ ಎಂಟು ರೆಕಾರ್ಡ್ ಒಯ್ಯುತ್ತೀರಿ ಅಂತ ಅತಿಥಿಯನ್ನು ಕೇಳುತ್ತಾರೆ. ಜೊತೆಗೆ ಒಂದು ಪುಸ್ತಕ, ಒಂದು ಶೋಕಿ ವಸ್ತು. ಬೈಬಲ್ಲು, ಶೇಕ್ಸ್‌ಪಿಯರ್ ಮೊದಲೇ ಅಲ್ಲಿರುತ್ತವೆ ಅಂತ ಲೆಕ್ಕ. ಶೋಕಿ ವಸ್ತು ಕೆಲಸಕ್ಕೆ ಬರುವಂಥದ್ದಾಗಿರಬಾರದು, ಜೀವ ಇರುವಂಥದ್ದೂ ಆಗಬಾರದು. ದೋಣಿ ಕೇಳಿದರೆ ಕೊಡುವುದಿಲ್ಲ.

ಕಾರವಾರದವರಿಗೆ ಈ ದ್ವೀಪ ಕಲ್ಪಿಸಿಕೊಳ್ಳುವುದು ಏನೂ ಕಷ್ಟ ಅಲ್ಲ. ಸಮುದ್ರದ ದಂಡೆಗೆ ಹೋದರೆ ಕೂರ್ಮಗಡ ಕಾಣುತ್ತದೆ, ಅದರಾಚೆ ದೇವಗಡದ ದೀಪಸ್ತಂಭ. ನರಸಿಂಹ ದೇವರ ಜಾತ್ರೆ ದಿನ ದೋಣಿ ತುಂಬ ಜನ ಹೋಗುತ್ತಾರೆ. ಉಳಿದ ದಿನ ಅದು ಅದರ ಪಾಡಿಗೆ.

ಹಾಡಿನ ಪಟ್ಟಿಗಿಂತ ನನಗೆ ಇಷ್ಟ ಆಗುವುದು ಹಾಡುಗಳ ನಡುವಿನ ಮಾತು. ನನಗೆ ಮರೆಯದೇ ಇರುವುದು ವಿಜ್ಞಾನಿ ಸ್ಟೀಫನ್ ಹಾಕಿಂಗ್ ಕಂತು. 1992ರ ಕ್ರಿಸ್‌ಮಸ್ ದಿನ ಪ್ರಸಾರವಾಗಿದ್ದು, ಪ್ರಶ್ನೆ ಕೇಳಿದವರು ಸೂ ಲಾಲಿ. ನಾನು ಕೇಳಿದ್ದು ತುಂಬ ವರ್ಷ ಆದಮೇಲೆ, ನೆಟ್‌ನಲ್ಲಿ. ಹಾಕಿಂಗ್ ಅವರದ್ದು ಕಂಪ್ಯೂಟರ್ ದನಿ. ಒಂದೊಂದೇ ಪದ ಆರಿಸಿ ವಾಕ್ಯ ಕಟ್ಟಬೇಕು. ಏರಿಳಿತ ಇಲ್ಲ, ನಗು ಇಲ್ಲ. ಆದರೂ ಅವರು ತಮಾಷೆ ಮಾಡಿದ್ದು ಗೊತ್ತಾಗುತ್ತದೆ. ಕಾಯಿಲೆ ಗೊತ್ತಾದ ದಿನಗಳಲ್ಲಿ ವ್ಯಾಗ್ನರ್ ಸಂಗೀತ ಹಚ್ಚಿಕೊಂಡಿದ್ದನ್ನು ಹೇಳುತ್ತಾರೆ. ಶೋಕಿ ವಸ್ತು ಏನು ಅಂದರೆ ಕ್ರೆಮ್ ಬ್ರೂಲೆ. ಹಾಲಿನ ಕೆನೆ, ಮೊಟ್ಟೆ, ಸಕ್ಕರೆಯ ಸಿಹಿತಿಂಡಿ! ವಿಶ್ವದ ಹುಟ್ಟಿನ ಬಗ್ಗೆ ತಲೆ ಕೆಡಿಸಿಕೊಂಡ ಮನುಷ್ಯ ದ್ವೀಪಕ್ಕೆ ಒಯ್ಯುವುದು ಅದನ್ನು. ಸೂ ಲಾಲಿ ಕಾಯಿಲೆ ಬಗ್ಗೆ ನೇರವಾಗಿಯೇ ಕೇಳಿದರು. ಅಯ್ಯೋ ಪಾಪ ಅನ್ನುವ ದನಿ ಎಲ್ಲೂ ತರಲಿಲ್ಲ. ಅದೇ ನನಗೆ ಹಿಡಿಸಿದ್ದು.

ನಿಮಗೆ ನೆನಪಿರುವ ಮಾತುಕತೆ ಯಾವುದು? ಬಿಬಿಸಿನೇ ಆಗಬೇಕು ಅಂತಿಲ್ಲ. ಧಾರವಾಡ, ಕಾರವಾರ, ವಿವಿಧಭಾರತಿ, ಅಮೆರಿಕ, ಯಾವುದಾದರೂ ಸರಿ. ಯಾಕೆ ನೆನಪು ಉಳಿಯಿತು ಅಂತಲೂ ಬರೆಯಿರಿ.


ಮೆಟ್ಟುಗತ್ತಿ (ಶಿರಸಿ)

ನಮ್ಮ ಕಡೆ ರೇಡಿಯೋ ಅಂದರೆ ಅಡಿಕೆ ಸುಲಿಯುವ ಹೊತ್ತು. ರಾತ್ರಿ ಊಟ ಮುಗಿಸಿ ಎಲ್ಲರೂ ಮೆಟ್ಟುಗತ್ತಿ ಹಿಡಿದು ಕೂತರೆ ಮಧ್ಯದಲ್ಲಿ ಟ್ರಾನ್ಸಿಸ್ಟರ್, ಅದರಲ್ಲಿ ಧಾರವಾಡ ನಿಲಯ. ಕೈ ಖಾಲಿ ಇಲ್ಲ, ಕಣ್ಣು ಕತ್ತಿ ಮೇಲೆ. ಕಿವಿ ಒಂದೇ ಬಿಡುವಾಗಿರುತ್ತಿತ್ತು. ಹಾಗಾಗಿ ಏನು ಬಂದರೂ ಕೇಳುತ್ತಿದ್ದೆವು.

ದೊಡ್ಡವರ ಸಂದರ್ಶನ ಎಷ್ಟೋ ಕೇಳಿದ್ದೇನೆ, ಹೆಚ್ಚಿನವು ಮರೆತುಹೋದವು. ನೆನಪಿರುವುದು ಒಂದು ಕೃಷಿ ಕಾರ್ಯಕ್ರಮ. ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಮಾಡುವುದು ಹೇಗೆ ಅಂತ ವಿಷಯ. ಮೊದಲು ಅಧಿಕಾರಿ ಒಬ್ಬರು ಹೇಳಿದರು: ಒಂದು ಕಿಲೋ ಮೈಲುತುತ್ತ (ತಾಮ್ರದ ಉಪ್ಪು), ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಸರಿ, ಇದು ಎಲ್ಲರಿಗೂ ಬಾಯಿಪಾಠ. ಆಮೇಲೆ ಒಬ್ಬ ವಯಸ್ಸಾದ ಕೃಷಿಕರು. ಅವರು ಅಳತೆ ಹೇಳಲೇ ಇಲ್ಲ. ‘ಕತ್ತಿ ಅದ್ದಿ ನೋಡಬೇಕು’ ಅಂದರು ಅಷ್ಟೇ. ಬೇರೆ ಯಾರಾದರೂ ಆಗಿದ್ದರೆ ‘ಬಹಳ ಉಪಯುಕ್ತ ಮಾಹಿತಿ, ಧನ್ಯವಾದ’ ಅಂದು ಮುಂದಿನ ಪ್ರಶ್ನೆಗೆ ಹೋಗಿಬಿಡುತ್ತಿದ್ದರು. ಈ ನಿರೂಪಕರು ‘ಯಾಕೆ?’ ಅಂದು ಸುಮ್ಮನೆ ಕೂತರು.

ಆಗ ಬಂತು ನೋಡಿ. ಉಜ್ಜಿದ ಕಬ್ಬಿಣದ ಕತ್ತಿಯನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಇಡಬೇಕು. ತೆಗೆದಾಗ ಕೆಂಪಗೆ ತಾಮ್ರ ಹತ್ತಿದ್ದರೆ ಸುಣ್ಣ ಕಮ್ಮಿಯಾಗಿದೆ ಅಂತ ಅರ್ಥ, ಇನ್ನೂ ಹಾಕಬೇಕು. ಯಾಕೆಂದರೆ ಎಲ್ಲ ಸುಣ್ಣವೂ ಒಂದೇ ನಮೂನೆ ಇರುವುದಿಲ್ಲ. ಹಳೇ ಸುಣ್ಣಕ್ಕೆ ಬಲ ಕಮ್ಮಿ. ಅಳತೆ ನಂಬಿ ಹೊಡೆದರೆ ಔಷಧಿಯೇ ಹಿಂಗಾರ (ಅಡಿಕೆ ಹೂಗೊಂಚಲು) ಸುಡುತ್ತದೆ. ಇಷ್ಟನ್ನೂ ಅವರು ಹೇಳಿದ್ದು ಮದುವೆ ಮನೆ ಜಗಲಿಯಲ್ಲಿ ಕೂತು ಹೇಳಿದ ಹಾಗೆ. ಸುಲಿಯುತ್ತಿದ್ದ ನಮ್ಮ ಅಪ್ಪಯ್ಯ ಕೈ ನಿಲ್ಲಿಸಿ ‘ಇಂವ ಕೆಲಸ ಮಾಡಿದವ’ ಅಂದರು.


ಬಂಡಿಹಬ್ಬ (ಅಂಕೋಲಾ)

ಕೋಡಿಬಾಗದ ಅಣ್ಣ, ಆ ಬಿಬಿಸಿ ಕಾರ್ಯಕ್ರಮದ ಶುರುವಿನಲ್ಲಿ ಸಮುದ್ರ ಪಕ್ಷಿ ಕೂಗುತ್ತವಲ್ಲ, ಅವು ಅಲ್ಲಿನ ತಣ್ಣಗಿನ ಕಡಲಿನ ಪಕ್ಷಿ. ಉಷ್ಣ ವಲಯದ ದ್ವೀಪದಲ್ಲಿ ಇವು ಎಲ್ಲಿಂದ ಬಂದವು ಅಂತ ಜನ ತಕರಾರು ತೆಗೆದಿದ್ದರಂತೆ. 1964ರಲ್ಲಿ ಸ್ವಲ್ಪ ಕಾಲ ಬೇರೆ ಹಕ್ಕಿ ದನಿ ಹಾಕಿ, ಆಮೇಲೆ ಹಳೇದನ್ನೇ ತಂದರು. ನಮ್ಮಲ್ಲಿ ಚಳಿಗಾಲಕ್ಕೆ ಕಡಲಕಾಗೆಗಳು ಬರುತ್ತವೆ. ಕೂರ್ಮಗಡದ ಕಂತು ಮಾಡುವುದಾದರೆ ಡಿಸೆಂಬರದಲ್ಲೇ ಮಾಡಿ, ತಕರಾರು ಇರುವುದಿಲ್ಲ.


ಶಾರ್ಟ್‌ವೇವ್ ಭಟ್ರು (ಯಲ್ಲಾಪುರ)

ಮೆಟ್ಟುಗತ್ತಿಯವರು ರಾತ್ರಿ ಧಾರವಾಡ ಕೇಳುತ್ತಿದ್ದರು ಅಂದರು. ಅದಕ್ಕೆ ಕಾರಣ ಇದೆ. ಧಾರವಾಡ ನಿಲಯ 1950ರ ಜನವರಿಯಲ್ಲಿ ಶುರುವಾಯಿತು. ಅದು ಮೀಡಿಯಂ ವೇವ್, 765 ಕಿಲೋಹರ್ಟ್ಸ್. ಮೀಡಿಯಂ ವೇವ್ ಅಲೆ ಹಗಲು ನೆಲ ಹಿಡಿದು ಹೋಗುತ್ತದೆ. ರಾತ್ರಿ ಮೇಲಿನ ವಾಯುಮಂಡಲಕ್ಕೆ ಬಡಿದು ವಾಪಸ್ಸು ಬೀಳುತ್ತದೆ, ಹಾಗಾಗಿ ದೂರ ಮುಟ್ಟುತ್ತದೆ. ಕತ್ತಲಾದ ಮೇಲೆ ಮುಳ್ಳು ಚೂರು ಆಚೀಚೆ ಮಾಡಿದರೆ ಎಲ್ಲೆಲ್ಲಿಯದೋ ಸ್ಟೇಷನ್ ಹಿಡಿಯುತ್ತಿದ್ದುದು ಅದಕ್ಕೇ. ಕಾರವಾರದ್ದು ಎಫ್‌ಎಂ, 102.3. ಎಫ್‌ಎಂ ಅಲೆ ನೇರ ಹೋಗುವಂಥದ್ದು. ಎದುರಿಗೆ ಗುಡ್ಡ ಬಂತೋ, ಮುಗಿಯಿತು. ಘಟ್ಟದ ಮೇಲಿನ ನಮ್ಮಂಥವರಿಗೆ ನಮ್ಮದೇ ಜಿಲ್ಲೆಯ ಕೇಂದ್ರ ಗೊರಗೊರ ಅನ್ನುತ್ತಿತ್ತು, ಇನ್ನೊಂದು ಜಿಲ್ಲೆಯ ಧಾರವಾಡ ಸ್ಪಷ್ಟ. ಈಗ ಮೊಬೈಲ್ ಆ್ಯಪ್‌ನಲ್ಲಿ ಎಲ್ಲ ನಿಲಯಗಳೂ ಬರುತ್ತವೆ. ಗುಡ್ಡದ ಹಂಗಿಲ್ಲ. ನೆಟ್‌ವರ್ಕಿನ ಹಂಗು ಮಾತ್ರ ಇದೆ, ಅದೂ ಗುಡ್ಡದ ಕೃಪೆಯೇ!

ಎಂಬತ್ತರ ದಶಕದ ತನಕ ರೇಡಿಯೋ ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಮಾಡಿಸಬೇಕಿತ್ತು. ಈಗಿನ ಹುಡುಗರಿಗೆ ಹೇಳಿದರೆ ನಗುತ್ತಾರೆ.

ಇನ್ನು ಬಿಬಿಸಿ ವಿಷಯ. ಅದನ್ನು ಹುಟ್ಟುಹಾಕಿದವರು ರಾಯ್ ಪ್ಲಮ್ಲಿ. 1941ರ ಕೊನೆಯಲ್ಲಿ ಒಂದು ರಾತ್ರಿ ಮಲಗುವ ಮುಂಚೆ ಹೊಳೆದ ಯೋಚನೆಯನ್ನು ಹಾಗೇ ಕಾಗದ ಬರೆದು ಬಿಬಿಸಿಗೆ ಕಳಿಸಿದರು. ಮೊದಲ ಅತಿಥಿ ವಿಕ್ ಆಲಿವರ್ ಅಂತ ಹಾಸ್ಯ ನಟ, ಚರ್ಚಿಲ್‌ನ ಅಳಿಯ. ಯುದ್ಧಕಾಲ ಅಲ್ವಾ, ಸೆನ್ಸಾರ್ ಇತ್ತು. ಪ್ರಶ್ನೆ, ಉತ್ತರ ಎರಡನ್ನೂ ಮೊದಲೇ ಬರೆದಿಟ್ಟುಕೊಂಡು ಓದುತ್ತಿದ್ದರು. ನಾವು ಇವತ್ತು ಮಾತುಕತೆ ಅಂತ ಮೆಚ್ಚುವ ಕಾರ್ಯಕ್ರಮ ಶುರುವಾಗಿದ್ದು ಓದಿನಿಂದ! ಆಮೇಲೆ ಪ್ಲಮ್ಲಿ 1985ರಲ್ಲಿ ತೀರಿಕೊಳ್ಳುವ ತನಕ ಅವರೇ ನಡೆಸಿದರು. ಅವರ ನಂತರ ಪಾರ್ಕಿನ್ಸನ್, ಸೂ ಲಾಲಿ, ಕರ್ಸ್ಟಿ ಯಂಗ್, ಈಗ ಲಾರೆನ್ ಲಾವರ್ನ್.

ಪ್ಲಮ್ಲಿ ಕಷ್ಟದ ಪ್ರಶ್ನೆ ಕೇಳುತ್ತಿರಲಿಲ್ಲ. ಅತಿಥಿಗೆ ಊಟ ಹಾಕಿಸಿ, ಮೆತ್ತಗೆ ಮಾತಾಡಿಸಿ ಕಳಿಸುವವರು. ಸೂ ಲಾಲಿ ಬಂದ ಮೇಲೆ ಕಾರ್ಯಕ್ರಮಕ್ಕೆ ಹಲ್ಲು ಬಂತು. ನನಗೇನೋ ಪ್ಲಮ್ಲಿ ಕ್ರಮವೇ ಇಷ್ಟ. ಮನೆಗೆ ಕರೆದವರನ್ನು ಪಾಟೀ ಸವಾಲು ಮಾಡುವುದು ಎಂಥ ಸಭ್ಯತೆ?


ಕೋಡಿಬಾಗದವ (ಕಾರವಾರ)

ಭಟ್ರೇ, ಊಟ ಹಾಕಿಸಿದ್ದಕ್ಕೇ ಪ್ಲಮ್ಲಿ ಒಮ್ಮೆ ಸಿಕ್ಕಿಬಿದ್ದಿದ್ದರು, ಗೊತ್ತಾ? ಸಾಹಸ ಕಾದಂಬರಿ ಬರೆಯುತ್ತಿದ್ದ ಆಲಿಸ್ಟರ್ ಮೆಕ್ಲೀನ್ ಸಂದರ್ಶನ ಕೊಡುವ ಆಸಾಮಿ ಅಲ್ಲ. ಅವರೇ ಒಪ್ಪಿದರು ಅಂತ ಪ್ಲಮ್ಲಿಗೆ ಖುಷಿಯೋ ಖುಷಿ. ಕರೆದು ಊಟಕ್ಕೆ ಕೂರಿಸಿ, ಬರವಣಿಗೆ ವರ್ಷದ ಯಾವ ಕಾಲದಲ್ಲಿ ಮಾಡುತ್ತೀರಿ ಅಂತ ಕೇಳಿದರೆ ಆ ಮನುಷ್ಯನಿಗೆ ಆಶ್ಚರ್ಯ. ಬರವಣಿಗೆಯಾ? ನಾನು ಕೆನಡಾದ ಒಂಟಾರಿಯೋ ಸರ್ಕಾರದ ಪ್ರವಾಸೋದ್ಯಮ ಕಚೇರಿಯವನು ಅಂದರಂತೆ. ಹೆಸರು ಅದೇ, ಆಸಾಮಿ ಬೇರೆ. ಕರೆದಾಗಿದೆ, ಬಂದಾಗಿದೆ, ವಾಪಸ್ಸು ಕಳಿಸಲು ಪ್ಲಮ್ಲಿಗೆ ಮುಖ ಇಲ್ಲ. ರೆಕಾರ್ಡಿಂಗ್ ಪೂರ್ತಿ ಮಾಡಿದರು. ಅದು ಪ್ರಸಾರ ಆಗಲೇ ಇಲ್ಲ.

ನನ್ನ ಕೇಳಿದರೆ ಅದನ್ನೇ ಪ್ರಸಾರ ಮಾಡಬೇಕಿತ್ತು. ಎಲ್ಲರೂ ಕಾದಂಬರಿಕಾರರನ್ನು ಕೇಳುತ್ತಾರೆ. ಪ್ರವಾಸಿ ಕಚೇರಿಯ ಮನುಷ್ಯ ದ್ವೀಪದಲ್ಲಿ ಒಬ್ಬನೇ ಕೂತು ಯಾವ ಹಾಡು ಕೇಳುತ್ತಾನೆ ಅಂತ ಯಾರಿಗೆ ಗೊತ್ತು?


ಬಂಡಿಹಬ್ಬ (ಅಂಕೋಲಾ)

ನಾನು ಪಾಡ್‌ಕಾಸ್ಟ್ ಕಾಲದವನು. ನನಗೆ ಇಷ್ಟ ಅಮೆರಿಕದ ‘ಫ್ರೆಶ್ ಏರ್’. ಟೆರಿ ಗ್ರಾಸ್ ಅಂತ ಒಬ್ಬ ಮಹಿಳೆ 1975ರಿಂದ ಫಿಲಡೆಲ್ಫಿಯಾದಲ್ಲಿ ಕೂತು ನಡೆಸುತ್ತಿದ್ದಾರೆ. ಮೊದಲು ಊರಿನ ಮಟ್ಟಿಗೆ ಇತ್ತು. 1987ರಿಂದ ದಿನಾ ದೇಶಕ್ಕೆಲ್ಲ ಬರುತ್ತದೆ. ಇದರಲ್ಲಿ ವಿಶೇಷ ಏನೆಂದರೆ ಹೆಚ್ಚಿನ ಸಲ ಅತಿಥಿ ಅವರ ಎದುರಿಗೆ ಇರುವುದೇ ಇಲ್ಲ. ಅತಿಥಿ ಬೇರೆ ಊರಿನ ಸ್ಟುಡಿಯೋದಲ್ಲಿ, ಇವರು ಇಲ್ಲಿ. ಮುಖ ಕಾಣುವುದಿಲ್ಲ. ಕಿವಿಯಲ್ಲಿ ದನಿ ಮಾತ್ರ. ಮುಖ ಕಾಣದಿದ್ದರೆ ಕಷ್ಟದ ಪ್ರಶ್ನೆ ಕೇಳುವುದು ಸುಲಭ. ಅತಿಥಿಗೂ ಅಷ್ಟೇ, ಮನಸ್ಸು ಬಿಚ್ಚುವುದು ಸಲೀಸು.

2011ರಲ್ಲಿ ಮಕ್ಕಳ ಪುಸ್ತಕದ ಚಿತ್ರಗಾರ ಮೊರಿಸ್ ಸೆಂಡಾಕ್ ಜೊತೆ ಮಾತಾಡಿದ್ದನ್ನು ಕೇಳಿ. ಅವರಿಗೆ ಆಗ 83. ಫೋನಿನಲ್ಲಿ ಮಾತು. ಸ್ನೇಹಿತರೆಲ್ಲ ಒಬ್ಬೊಬ್ಬರೇ ಹೋಗುತ್ತಿದ್ದಾರೆ, ಅವರ ನೆನಪಾಗಿ ಅಳು ಬರುತ್ತದೆ ಅಂತಾರೆ. ಸಾಯಲು ಹೆದರಿಕೆ ಇಲ್ಲ ಅಂತಾರೆ. ಕೊನೆಗೆ ಸಂದರ್ಶನ ಮಾಡುವವರಿಗೇ ‘ಬದುಕು, ಬದುಕು’ ಅಂತ ಆಶೀರ್ವಾದ ಮಾಡಿದ ಹಾಗೆ ಹೇಳುತ್ತಾರೆ. ಮರುವರ್ಷ ಮೇ ತಿಂಗಳಲ್ಲಿ ತೀರಿಕೊಂಡರು. ಟೆರಿ ಗ್ರಾಸ್ ಅಲ್ಲಿ ಮಾಡಿದ್ದು ಏನೂ ಇಲ್ಲ. ಅಡ್ಡ ಬರಲಿಲ್ಲ, ಅಷ್ಟೇ.

ಅದೇ ಕಾರ್ಯಕ್ರಮದಲ್ಲಿ ಜಗಳವೂ ಆಗಿದೆ. 2003ರಲ್ಲಿ ಟಿವಿ ನಿರೂಪಕ ಬಿಲ್ ಓರೈಲಿ ಪ್ರಶ್ನೆ ಹಿಡಿಸದೆ ಅರ್ಧಕ್ಕೆ ಎದ್ದು ಹೋದರು. ಕೇಳುಗರ ದೂರು ನೋಡುವ, ರೇಡಿಯೋದವರದೇ ಸಂಸ್ಥೆಯ ಅಧಿಕಾರಿ ಓರೈಲಿಗೆ ಅನ್ಯಾಯ ಆಯಿತು ಅಂತ ಬರೆದರು. ಕೇಳಿ ನೋಡಿ, ನಿಮಗೆ ಯಾರು ಸರಿ ಅನಿಸುತ್ತದೆ ಹೇಳಿ.


ಶಾರ್ಟ್‌ವೇವ್ ಭಟ್ರು (ಯಲ್ಲಾಪುರ)

ಎದ್ದು ಹೋದವರದ್ದನ್ನು ಮರೆಯದ ಮಾತುಕತೆ ಅಂತ ಸೇರಿಸಬೇಡಿ ಮಾರಾಯ್ರೆ. ಅದು ಬರೀ ಗಲಾಟೆ. ಅದನ್ನೇ ಕೇಳಬೇಕಿದ್ದರೆ ರಾತ್ರಿ ಒಂಬತ್ತಕ್ಕೆ ಟಿವಿ ಹಾಕಿದರೆ ಸಾಕು.


ಸೀಮೆ ನರ್ಸಮ್ಮ (ಸಿದ್ದಾಪುರ)

ನಾನು ಒಂದು ಸೇರಿಸುತ್ತೇನೆ. ಇದೂ ದ್ವೀಪದ ಕಾರ್ಯಕ್ರಮದ್ದೇ, 2016ರದ್ದು. ಡೇವಿಡ್ ನಾಟ್ ಅಂತ ಸರ್ಜನ್. ಯುದ್ಧ ನಡೆಯುವ ಊರುಗಳಿಗೆ ಹೋಗಿ ಆಪರೇಷನ್ ಮಾಡುವವರು. ಸಿರಿಯಾದ ಅಲೆಪ್ಪೋದಿಂದ ಬಂದ ಸ್ವಲ್ಪ ದಿನಕ್ಕೆ ಬ್ರಿಟನ್ ರಾಣಿ ಎಲಿಜಬೆತ್ ಜೊತೆ ಊಟಕ್ಕೆ ಕರೆ ಬಂತು. ಪಕ್ಕದಲ್ಲೇ ಕೂರಿಸಿದ್ದರು. ರಾಣಿ ಎಲ್ಲಿಂದ ಬಂದಿರಿ ಅಂತ ಕೇಳಿದರೆ ಇವರಿಗೆ ಬಾಯೇ ಬರಲಿಲ್ಲ. ಕಣ್ಣೆದುರು ಗಾಯಗೊಂಡ ಮಕ್ಕಳು. ರಾಣಿ ನೋಡಿದರು, ಏನೂ ಕೇಳಲಿಲ್ಲ. ನಾಯಿಗಳನ್ನು ಕರೆಸಿ, ಬಿಸ್ಕತ್ತಿನ ಡಬ್ಬಿ ತರಿಸಿದರು. ಇಬ್ಬರೂ ಮೇಜಿನ ಕೆಳಗೆ ನಾಯಿಗಳಿಗೆ ಬಿಸ್ಕತ್ತು ಹಾಕುತ್ತಾ ಕೂತರು. ಮಾತಾಡುವುದಕ್ಕಿಂತ ಇದು ಎಷ್ಟೋ ಮೇಲು ಅಲ್ವಾ ಅಂದರಂತೆ ರಾಣಿ.

ಇದನ್ನು ಕರ್ಸ್ಟಿ ಯಂಗ್ ಎದುರು ಅವರು ಹೇಳುವಾಗ ದನಿ ಒಡೆಯುತ್ತದೆ. ನಾನು ನೈಟ್ ಡ್ಯೂಟಿ ಮುಗಿಸಿ ಬಸ್ಸಿನಲ್ಲಿ ಕೇಳಿದ್ದು. ಆಸ್ಪತ್ರೆಯಲ್ಲಿ ಕೆಲಸ ಮಾಡುವವರಿಗೆ ಇದು ಗೊತ್ತಾಗುತ್ತದೆ. ಮನೆಗೆ ಹೋದ ಕೂಡಲೇ ‘ಇವತ್ತು ಏನಾಯ್ತು’ ಅಂತ ಕೇಳುವವರಿಗಿಂತ ಒಂದು ಲೋಟ ಚಾ ಇಟ್ಟು ಸುಮ್ಮನಿರುವವರು ಬೇಕು.


ಅಂಕೋಲೆ ಅಕ್ಕೋರು

ಎಲ್ಲ ಓದಿದೆ. ನನ್ನದೊಂದು ಸಿಟ್ಟು ಇದೆ, ಹೇಳಿಬಿಡುತ್ತೇನೆ.

ನಮ್ಮ ತಾಲೂಕಿನಲ್ಲಿ ಇಬ್ಬರು ಅಜ್ಜಿಯಂದಿರಿದ್ದರು. ಹೊನ್ನಳ್ಳಿಯ ತುಳಸಿ ಗೌಡ, ಬಡಗೇರಿಯ ಸುಕ್ರಿ ಬೊಮ್ಮಗೌಡ. ಇಬ್ಬರೂ ಹಾಲಕ್ಕಿ ಒಕ್ಕಲಿಗರು. ಇಬ್ಬರಿಗೂ ಪದ್ಮಶ್ರೀ ಬಂತು, ಸುಕ್ರಜ್ಜಿಗೆ 2017ರಲ್ಲಿ, ತುಳಸಜ್ಜಿಗೆ 2020ರಲ್ಲಿ. ತುಳಸಜ್ಜಿ 2024ರ ಡಿಸೆಂಬರದಲ್ಲಿ ಹೋದರು, ಸುಕ್ರಜ್ಜಿ ಎರಡೇ ತಿಂಗಳಲ್ಲಿ, 2025ರ ಫೆಬ್ರವರಿಯಲ್ಲಿ. ಪ್ರಶಸ್ತಿ ಬಂದ ಮೇಲೆ ಮೈಕ್ ಹಿಡಿದು ಬಂದವರಿಗೆ ಲೆಕ್ಕ ಇಲ್ಲ. ಟಿವಿ, ಪೇಪರು, ಯೂಟ್ಯೂಬು, ಯಾರೇ ಆಗಲಿ, ಹೆಚ್ಚಿನವರು ಕೇಳಿದ್ದು ಏನು? ಎಷ್ಟು ಗಿಡ ನೆಟ್ಟಿರಿ? ಎಷ್ಟು ಹಾಡು ಬರುತ್ತದೆ? ರಾಷ್ಟ್ರಪತಿ ಭವನಕ್ಕೆ ಬರಿಗಾಲಿನಲ್ಲಿ ಹೋದಾಗ ಹೇಗನಿಸಿತು?

ತುಳಸಜ್ಜಿ ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಿನಗೂಲಿಯಾಗಿ ಸೇರಿದವರು. ಅವರ ಜ್ಞಾನ ಇದ್ದದ್ದು ಬೀಜದಲ್ಲಿ. ಕಾಡಿನಲ್ಲಿ ಒಂದೇ ಜಾತಿಯ ಮರ ನೂರಿದ್ದರೂ ತಾಯಿಮರ ಯಾವುದು ಅಂತ ಅವರಿಗೆ ಗೊತ್ತಾಗುತ್ತಿತ್ತು. ಆ ಮರದ ಬೀಜವನ್ನೇ, ಅದೂ ಸರಿಯಾದ ಹೊತ್ತಿಗೆ ತಂದರೆ ಸಸಿ ಗಟ್ಟಿ. ಬೇಗ ತಂದರೆ ಮೊಳಕೆ ಬರುವುದಿಲ್ಲ, ತಡವಾದರೆ ಹುಳ ಬೀಳುತ್ತದೆ. ಈ ಹೊತ್ತು ಅವರಿಗೆ ಹೇಗೆ ತಿಳಿಯುತ್ತಿತ್ತು? ಸಿಪ್ಪೆ ಬಣ್ಣವಾ, ಹಕ್ಕಿ ಬರುವುದಾ, ಕೈಗೆ ತೂಕವಾ? ಇದನ್ನು ಕೂತು, ಒಂದೊಂದೇ ಮರದ ಹೆಸರು ಹಿಡಿದು ಕೇಳಬೇಕಿತ್ತು. ಮೆಟ್ಟುಗತ್ತಿಯವರು ಹೇಳಿದ ಆ ನಿರೂಪಕರ ಹಾಗೆ ‘ಯಾಕೆ?’ ಅಂದು ಕಾಯಬೇಕಿತ್ತು. ಲಕ್ಷದ ಲೆಕ್ಕ ತಗೊಂಡು ಏನು ಮಾಡುವುದು? ಲೆಕ್ಕದಿಂದ ಒಂದು ಸಸಿಯೂ ಏಳುವುದಿಲ್ಲ.

ಸುಕ್ರಜ್ಜಿಯದ್ದೂ ಅಷ್ಟೇ. ಹಾಡಿ ಅಂದರು, ಹಾಡಿದರು, ಚಪ್ಪಾಳೆ. ಯಾವ ಹಾಡನ್ನು ಯಾವ ಕೆಲಸಕ್ಕೆ, ಯಾರ ಎದುರು ಹಾಡುವುದು, ಯಾರ ಎದುರು ಹಾಡಬಾರದು? ಸಾರಾಯಿ ವಿರುದ್ಧ ಹೆಂಗಸರನ್ನು ಕಟ್ಟಿಕೊಂಡು ನಿಂತಾಗ ಮೊದಲು ಯಾರ ಮನೆಗೆ ಹೋದರು, ಆ ಮನೆಯವರು ಏನಂದರು? ಇಂಥದ್ದು ಕೇಳಿದವರು ತೀರಾ ಕಮ್ಮಿ.

ಹಾಗಾಗಿ ಭಟ್ರೇ, ಮೆತ್ತಗಿನ ಪ್ರಶ್ನೆಯೋ ಹಲ್ಲಿರುವ ಪ್ರಶ್ನೆಯೋ ಅನ್ನುವುದು ನನಗೆ ಮುಖ್ಯ ಅಲ್ಲ. ಎದುರಿಗಿರುವವರ ಕೆಲಸ ಗೊತ್ತಿದ್ದು ಕೇಳುತ್ತಾರಾ ಇಲ್ಲವಾ, ಅದು ಮುಖ್ಯ.


ಬೋರಿವಲಿ ಹೊನ್ನಾವರ

ಅಕ್ಕೋರೆ, ನೀವು ಹೇಳಿದ ಕೆಲಸ ಮಾಡಿದವರು ಒಬ್ಬರಿದ್ದಾರೆ. ಶಿಕಾಗೋದ ಸ್ಟಡ್ಸ್ ಟರ್ಕೆಲ್. ಡಬ್ಲ್ಯುಎಫ್‌ಎಂಟಿ ಅನ್ನುವ ಸ್ಟೇಷನ್‌ನಲ್ಲಿ 1952ರಿಂದ 1997ರ ತನಕ, 45 ವರ್ಷ. ಮಾರ್ಟಿನ್ ಲೂಥರ್ ಕಿಂಗ್, ಜೇಮ್ಸ್ ಬಾಲ್ಡ್ವಿನ್ ಅಂಥವರೂ ಬಂದರು. ಆದರೆ ಅವರ ಹೆಸರು ಉಳಿದಿದ್ದು ಹೆಚ್ಚಾಗಿ ಸಾಮಾನ್ಯರ ಮಾತಿನಿಂದ. ಕಬ್ಬಿಣದ ಕಾರ್ಖಾನೆಯವ, ಹೋಟೆಲಿನಲ್ಲಿ ಬಡಿಸುವವಳು, ಕಸ ಎತ್ತುವವ, ಎಲ್ಲರನ್ನೂ ನಿನ್ನ ಕೆಲಸ ಹೇಗೆ ಮಾಡುತ್ತೀ ಅಂತ ಕೇಳುತ್ತಿದ್ದರು.

ಅವರು ಹೇಳಿದ ಒಂದು ಪ್ರಸಂಗ ಇದೆ. ಬಡವರ ವಠಾರದಲ್ಲಿ ಒಬ್ಬ ತಾಯಿಯನ್ನು ರೆಕಾರ್ಡ್ ಮಾಡಿದರು. ಸುತ್ತ ಪುಟ್ಟ ಮಕ್ಕಳ ಗದ್ದಲ. ಮುಗಿದ ಮೇಲೆ ಮಕ್ಕಳು ಅಮ್ಮನ ದನಿ ಕೇಳಬೇಕು ಅಂತ ಹಟ ಹಿಡಿದವು. ಟೇಪ್ ತಿರುಗಿಸಿ ಹಾಕಿದರು. ಆ ತಾಯಿ ತನ್ನ ದನಿಯನ್ನು ಕೇಳಿದ್ದು ಅದೇ ಮೊದಲು. ಬಾಯಿ ಮೇಲೆ ಕೈ ಇಟ್ಟುಕೊಂಡು, ನನಗೆ ಹೀಗೆಲ್ಲ ಅನಿಸುತ್ತಿತ್ತು ಅಂತ ನನಗೇ ಗೊತ್ತಿರಲಿಲ್ಲ ಅಂದಳಂತೆ.

ಟರ್ಕೆಲ್ ಮಾಡಿದ ಐದು ಸಾವಿರಕ್ಕೂ ಹೆಚ್ಚು ಕಾರ್ಯಕ್ರಮಗಳ ಟೇಪ್ ಉಳಿದಿವೆ. ಈಗ ಒಂದೊಂದಾಗಿ ನೆಟ್‌ಗೆ ಹಾಕುತ್ತಿದ್ದಾರೆ. ರಾತ್ರಿ ಬೋರಿವಲಿ ಲೋಕಲ್‌ನಲ್ಲಿ ನಿಂತು ಕೇಳುತ್ತೇನೆ. ಹೋಟೆಲಿನಲ್ಲಿ ಬಡಿಸುವ ಹೆಂಗಸಿನ ಮಾತು ಕೇಳಿದಾಗ ನಮ್ಮ ಕಡೆಯಿಂದ ಮುಂಬೈಗೆ ಬಂದು ಹೋಟೆಲ್ ಗಲ್ಲೆ (ದುಡ್ಡಿನ ಮೇಜು) ಮೇಲೆ ಆಯುಷ್ಯ ಕಳೆದವರು ನೆನಪಾದರು. ಅವರನ್ನು ಯಾರೂ ಕೇಳಲಿಲ್ಲ. ಕೆಲವರು ಈಗಲೂ ಇದ್ದಾರೆ.

ನಮ್ಮ ವಿವಿಧಭಾರತಿಯನ್ನೂ ಮರೆಯಬೇಡಿ. 1957ರಿಂದ ಇದೆ. ವಿಶೇಷ ಜಯಮಾಲಾದಲ್ಲಿ ಸಿನಿಮಾದವರು ಬಂದು ಸೈನಿಕರಿಗಾಗಿ ಹಾಡು ಆರಿಸಿ, ನಡುವೆ ತಮ್ಮ ಕತೆ ಹೇಳುತ್ತಿದ್ದರು. ಇದೂ ಹೆಚ್ಚುಕಮ್ಮಿ ದ್ವೀಪದ ಕಾರ್ಯಕ್ರಮವೇ ಅಲ್ವಾ? ಗಡಿಯ ಮೇಲೆ ಕೂತವರಿಗೆ ದ್ವೀಪ ಬೇರೆ ಯಾಕೆ. ‘ಉಜಾಲೇ ಉನ್‌ಕೀ ಯಾದೋಂ ಕೇ’ ಅಂತ ಇನ್ನೊಂದಿದೆ. ಒಬ್ಬರ ಜೊತೆಗೇ ವಾರಗಟ್ಟಲೆ ಮಾತು. ಅವಸರವೇ ಇಲ್ಲ. ಈಗಿನ ಎಫ್‌ಎಂ ಹುಡುಗರು ಇದನ್ನು ಕೇಳಬೇಕು. ಎರಡು ನಿಮಿಷ ಮಾತಾಡಿಸಿ ಜಾಹೀರಾತಿಗೆ ಓಡುತ್ತಾರೆ.


ಮೆಟ್ಟುಗತ್ತಿ (ಶಿರಸಿ)

ಅಕ್ಕೋರ ಮಾತು ಸರಿಯಾಗಿ ಬಡಿಯಿತು. ನಮ್ಮ ಸೀಮೆಯಲ್ಲಿ ಕೊನೆಗೌಡರ ವಿಷಯವೂ ಹಾಗೇ. ಒಂದು ಮರದಿಂದ ಇನ್ನೊಂದು ಮರಕ್ಕೆ ತೂಗಿ ಹೋಗಿ ಅಡಿಕೆ ಕೊನೆ ಕೊಯ್ಯುವವರು ಈಗ ಬೆರಳೆಣಿಕೆ. ದೋಟಿ (ಉದ್ದ ಕೋಲು) ಬಂತು, ಮರ ಹತ್ತುವವರು ಹೋದರು. ತೂಗುವ ಮೊದಲು ಮರದ ತ್ರಾಣ ಹೇಗೆ ನೋಡುತ್ತಾರೆ ಅಂತ ಯಾರಾದರೂ ದಾಖಲೆ ಮಾಡಿದ್ದಾರಾ?

ಈಗ ಸ್ವಲ್ಪ ಹಗುರ ವಿಷಯ. ಕೂರ್ಮಗಡಕ್ಕೆ ನನ್ನ ಎಂಟು: ಚಿಟ್ಟಾಣಿಯವರ ಕಾಲದ ಯಕ್ಷಗಾನ ಆಟದ್ದು ಒಂದು ಪದ, ಚಂಡೆ ಜೋರಾಗಿ ಕೇಳಬೇಕು. ಕೆರೆಮನೆ ಮೇಳದ ತಾಳಮದ್ದಳೆಯ ಒಂದು ತುಣುಕು. ಮನ್ಸೂರರದ್ದು ಬೆಳಗಿನ ರಾಗ. ಭೀಮಸೇನ ಜೋಶಿ ಒಂದು ಅಭಂಗ. ಗಂಗೂಬಾಯಿ ಹಾನಗಲ್ಲರ ಆ ಗಟ್ಟಿ ದನಿಯಲ್ಲಿ ಏನಾದರೂ ಸರಿ. ಸುಕ್ರಜ್ಜಿಯ ಹಾಡೊಂದು. ಆಯಿ ಹೇಳುತ್ತಿದ್ದ ಆರತಿ ಹಾಡು, ಅದರ ರೆಕಾರ್ಡ್ ಇಲ್ಲ, ನೀವೇ ಹೇಗಾದರೂ ಮಾಡಿ ಕೊಡಬೇಕು. ಎಂಟನೇದು ಧಾರವಾಡ ಆಕಾಶವಾಣಿ ಬೆಳಿಗ್ಗೆ ಶುರುವಾಗುವ ಟ್ಯೂನ್.

ಶೋಕಿ ವಸ್ತು: ಕವಳದ (ಎಲೆ ಅಡಿಕೆಯ) ಸಂಚಿ.


ಕೋಡಿಬಾಗದವ (ಕಾರವಾರ)

ಕವಳದ ಸಂಚಿ ಕೊಡಲಾಗುವುದಿಲ್ಲ. ಕವಳ ಉಪಯೋಗಕ್ಕೆ ಬರುವ ವಸ್ತು. ಅದರಲ್ಲೂ ಶಿರಸಿಯವರಿಗೆ.


ಮೆಟ್ಟುಗತ್ತಿ (ಶಿರಸಿ)

ಹಾಗಾದರೆ ನಮ್ಮ ಕಡೆಯ ಸಿಹಿತಿಂಡಿ ತೊಡದೇವು ಒಂದು ಡಬ್ಬಿ. ಹಾಕಿಂಗ್‌ಗೆ ಕ್ರೆಮ್ ಬ್ರೂಲೆ ಕೊಟ್ಟಿದ್ದಾರೆ, ನನಗೆ ಇಲ್ಲ ಅನ್ನುವ ಹಾಗಿಲ್ಲ.


ಬಂಡಿಹಬ್ಬ (ಅಂಕೋಲಾ)

ನಿಯಮ ಮುರಿದವರೂ ಇದ್ದಾರೆ. ಜಾನ್ ಕ್ಲೀಸ್ ಅನ್ನುವ ನಟ ಶೋಕಿ ವಸ್ತುವಾಗಿ ತನ್ನ ಗೆಳೆಯ ಮೈಕೆಲ್ ಪೇಲಿನ್ ಬೇಕು ಅಂದ. ಜೀವಂತ ಒಯ್ಯುವ ಹಾಗಿಲ್ಲ, ಸತ್ತು ಒಳಗೆ ಹುಲ್ಲು ತುಂಬಿದ್ದರೆ ಅಡ್ಡಿಯಿಲ್ಲ ಅಂದರು! ಎಲಿಜಬೆತ್ ಶ್ವಾರ್ಜ್‌ಕಾಫ್ ಅನ್ನುವ ಗಾಯಕಿ 1958ರಲ್ಲಿ ಎಂಟರಲ್ಲಿ ಏಳು ತಾನು ಹಾಡಿದ್ದನ್ನೇ ಆರಿಸಿದರು. ಜನ ಅಹಂಕಾರ ಅಂತ ನಕ್ಕರು. ನನಗೇನೋ ಪ್ರಾಮಾಣಿಕ ಅನಿಸಿತು. ಒಬ್ಬರೇ ಇರುವ ದ್ವೀಪದಲ್ಲಿ ನಾಚಿಕೆ ಯಾರಿಗಾಗಿ?


ಶಾರ್ಟ್‌ವೇವ್ ಭಟ್ರು (ಯಲ್ಲಾಪುರ)

ಟೇಪಿನ ಮಾತು ಬಂತಲ್ಲ, ಅದರ ಬಗ್ಗೆ ಒಂದು. ಬಿಬಿಸಿಯಂಥ ಬಿಬಿಸಿಯೇ ಈ ಕಾರ್ಯಕ್ರಮದ ಹಳೇ ಕಂತು ಎಷ್ಟೋ ಉಳಿಸಿಕೊಂಡಿಲ್ಲ. 2022ರಲ್ಲಿ ಒಬ್ಬ ಖಾಸಗಿ ಸಂಗ್ರಾಹಕರ ಬಳಿ 90ಕ್ಕೂ ಹೆಚ್ಚು ಕಂತು ಸಿಕ್ಕವು. ಕೇಳುಗರು ಮನೆಯಲ್ಲಿ ರೆಕಾರ್ಡ್ ಮಾಡಿ ಇಟ್ಟುಕೊಂಡಿದ್ದಂತೆ. ಹಿಂದೆ ಸ್ಪೂಲ್ ಟೇಪ್ ತುಟ್ಟಿ. ಒಂದರ ಮೇಲೆ ಇನ್ನೊಂದು ರೆಕಾರ್ಡ್ ಮಾಡುವುದು ರೂಢಿ. ನಿನ್ನೆಯ ಮಾತು ಅಳಿಸಿ ಇವತ್ತಿನದು. ಜಗತ್ತಿನ ಎಷ್ಟೋ ಸ್ಟೇಷನ್‌ಗಳ ಕತೆಯೂ ಇದೇ.

ಆದ್ದರಿಂದ ನಮ್ಮ ಜಿಲ್ಲೆಯಲ್ಲೂ ಯಾರದ್ದೋ ಅಟ್ಟದ ಮೇಲೆ ಇರಬಹುದು. ಮದುವೆ ಕ್ಯಾಸೆಟ್ ಅಂತ ಬರೆದಿದ್ದರ ಹಿಂದಿನ ಬದಿಯಲ್ಲಿ ಯಾರದ್ದಾದರೂ ಆಕಾಶವಾಣಿ ಮಾತು. ಎಸೆಯುವ ಮೊದಲು ಒಮ್ಮೆ ಹಾಕಿ ಕೇಳಿ. ಬೂಸ್ಟು ಹಿಡಿದಿದ್ದರೆ ಹಾಗೇ ಪ್ಲೇಯರಿಗೆ ಹಾಕಬೇಡಿ, ಟೇಪ್ ಹರಿಯುತ್ತದೆ, ಹೆಡ್ಡೂ ಹಾಳು. ಮೊದಲು ಒಣ ಜಾಗದಲ್ಲಿ ಕೆಲವು ದಿನ ಇಟ್ಟು, ಬೂಸ್ಟನ್ನು ಮೆತ್ತಗೆ ಒರೆಸಿ. ನಮ್ಮ ಮಳೆಗಾಲಕ್ಕೆ ಕ್ಯಾಸೆಟ್ ಉಳಿಯುವುದೇ ಒಂದು ಪವಾಡ.


ಅಂಕೋಲೆ ಅಕ್ಕೋರು

ಹಳೇದು ಹುಡುಕುವುದು ಸರಿ. ಹೊಸದು ಮಾಡುವುದು ಯಾವಾಗ? ಎಲ್ಲರ ಕೈಯಲ್ಲೂ ಮೊಬೈಲ್ ಇದೆ. ಶಾಲೆ ಮಕ್ಕಳ ಕೈಯಲ್ಲಿ ಮಾಡಿಸಿ ನೋಡಿದ್ದೇನೆ. ಕಲಿತದ್ದು ಇಷ್ಟು: ಫ್ಯಾನ್ ಬಂದ್ ಮಾಡಬೇಕು. ಫೋನನ್ನು ಹಾಸಿದ ಟವೆಲ್ ಮೇಲೆ, ಹೇಳುವವರ ಹತ್ತಿರ ಇಡಬೇಕು. ವಿಮಾನ ಚಿತ್ರದ ಬಟನ್ ಒತ್ತಬೇಕು, ಇಲ್ಲದಿದ್ದರೆ ನಡುವೆ ಕರೆ ಬಂದು ಎಲ್ಲ ಕೆಡುತ್ತದೆ. ರೆಕಾರ್ಡ್ ಮಾಡುತ್ತೇವೆ ಅಂತ ಮೊದಲೇ ಹೇಳಿ ಒಪ್ಪಿಗೆ ಕೇಳಬೇಕು. ಆದಷ್ಟು ಅವರು ಕೆಲಸ ಮಾಡುವ ಜಾಗದಲ್ಲೇ ಕೂರಬೇಕು. ಬಲೆ ಹೊಲಿಯುವವರನ್ನು ಕುರ್ಚಿ ಮೇಲೆ ಕೂರಿಸಿದರೆ ಮಾತು ಬರುವುದಿಲ್ಲ. ಕೈಯಲ್ಲಿ ಬಲೆ ಕೊಡಿ, ತಾನಾಗಿ ಬರುತ್ತದೆ. ಮತ್ತೆ ಮುಖ್ಯ ವಿಷಯ, ಮಕ್ಕಳು ಅಂದರೆ ಅಜ್ಜ ಅಜ್ಜಿಯರು ಪುರಾಣ ಹೇಳುವ ಮನಸ್ಸು ಮಾಡುತ್ತಾರೆ. ದೊಡ್ಡವರು ಹೋದರೆ ಕಷ್ಟಸುಖ ಹೇಳುತ್ತಾರೆ.


ಸೀಮೆ ನರ್ಸಮ್ಮ (ಸಿದ್ದಾಪುರ)

ಕಷ್ಟದ ಜಾಗ ಬಂದಾಗ ಬೇರೆ ಪ್ರಶ್ನೆ ಕೇಳಿ ತಪ್ಪಿಸಬೇಡಿ. ಅತ್ತರೆ ಅಳಲಿ. ಆದರೆ ಅಳಿಸಲು ಅಂತ ಕೇಳಬೇಡಿ. ಟಿವಿಯವರು ಸಾವಿನ ಮನೆಗೆ ಹೋಗಿ ಹೇಗನಿಸುತ್ತಿದೆ ಅಂತ ಕೇಳುತ್ತಾರಲ್ಲ, ಅದು ಬೇಡವೇ ಬೇಡ.


ಬಂಡಿಹಬ್ಬ (ಅಂಕೋಲಾ)

ಮೊದಲ ಪ್ರಶ್ನೆ ಏನು ಕೇಳುವುದು? ಟೆರಿ ಗ್ರಾಸ್ ಹೇಳುವ ಪ್ರಕಾರ ಬೇಕಾದದ್ದು ಒಂದೇ ಮಾತು, ‘ನಿಮ್ಮ ಬಗ್ಗೆ ಹೇಳಿ’. ಎಲ್ಲಿಂದ ಶುರು ಮಾಡಬೇಕು ಅಂತ ಅವರೇ ಆರಿಸಲಿ.


ಬೋರಿವಲಿ ಹೊನ್ನಾವರ

ಅದು ಅಮೆರಿಕದಲ್ಲಿ ನಡೆಯುತ್ತದೆ ತಮ್ಮ. ನಮ್ಮ ಕಡೆ ನಿಮ್ಮ ಬಗ್ಗೆ ಹೇಳಿ ಅಂದರೆ ‘ನನ್ನದೆಂತ ಉಂಟು ಹೇಳೂಕೆ’ ಅಂತಾರೆ, ಅಲ್ಲಿಗೆ ಮುಗಿಯಿತು. ನಾನಾದರೆ ಗಲ್ಲೆ ಮೇಲಿನವರನ್ನು ‘ಬೆಳಿಗ್ಗೆ ಹೋಟೆಲ್ ಬಾಗಿಲು ತೆಗೆದ ಕೂಡಲೇ ಮೊದಲು ಏನು ಮಾಡುತ್ತಿದ್ದಿರಿ’ ಅಂತ ಕೇಳುತ್ತೇನೆ. ಈ ದೀಪಾವಳಿಯ ಮುಂಚೆ ಮಾಟುಂಗಾದಲ್ಲಿ ಇಬ್ಬರು ಹಿರಿಯರನ್ನು ಮಾತಾಡಿಸುವುದಿದೆ. ಆದ ಕೂಡಲೇ ಇಲ್ಲಿ ಹಾಕುತ್ತೇನೆ.


ಮೆಟ್ಟುಗತ್ತಿ (ಶಿರಸಿ)

ನಮ್ಮ ಮಾವನೊಬ್ಬರಿದ್ದಾರೆ, ಹಳೇ ಕಾಲದ ಆಲೆಮನೆಯ ಕೆಲಸ ಗೊತ್ತಿದ್ದವರು. ನಿಮ್ಮ ಬಗ್ಗೆ ಹೇಳಿ ಅಂದರೆ ಅವರು ಗೋತ್ರ, ಮೂಲಮನೆ, ಏಳು ತಲೆಮಾರು ಮುಗಿಸಿಯೇ ತಮ್ಮ ಹತ್ತಿರ ಬರುತ್ತಾರೆ. ಬೆಲ್ಲದ ಪಾಕ ಬರುವಷ್ಟರಲ್ಲಿ ಫೋನಿನ ಚಾರ್ಜು ಮುಗಿದಿರುತ್ತದೆ. ಅವರಿಗೆ ನೇರ ಪಾಕದ ಹದದಿಂದಲೇ ಶುರು ಮಾಡುತ್ತೇನೆ.


ಶಾರ್ಟ್‌ವೇವ್ ಭಟ್ರು (ಯಲ್ಲಾಪುರ)

ಬೇಡ ಭಾವ, ಏಳು ತಲೆಮಾರೂ ಹೇಳಲಿ ಬಿಡಿ. ಪವರ್ ಬ್ಯಾಂಕ್ ನಾನು ತರುತ್ತೇನೆ. ಯಾವತ್ತು ಬರಲಿ ಹೇಳಿ.